ಐವಿಎಫ್ ಮಾಡಿಸ್ಬೇಕು ಅಂತಿದೀರಾ? ಎಲ್ಲರೂ ನನ್ನನ್ನ ಕೇಳೋ ಪ್ರಶ್ನೆಗಳು, ಕಾನೂನಿನ ಸಮೇತ

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರೂ ಅಲ್ಲ ಲಾಯರೂ ಅಲ್ಲ. ಐವಿಎಫ್‌ಗೆ ಅಂತ ಎರಡು ಸಲ ಎಗ್ ಪಿಕಪ್ಪು (ಅಂಡಾಣು ಹೊರಗೆ ತೆಗೆಯೋದು), ಮೂರು ಸಲ ಭ್ರೂಣದ ಟ್ರಾನ್ಸ್‌ಫರ್ ಮಾಡಿಸ್ಕೊಂಡು ಈಗ ಎರಡು ವರ್ಷದ ಮಗಳ ಹಿಂದೆ ಓಡ್ತಿರೋಳು ಅಷ್ಟೇ. ಚಿಕ್ಕಮ್ಮನ ಮಗಳು, ಆಫೀಸಿನ ಹುಡುಗಿ, ಅವಳ ಅಕ್ಕ, ಆ ಅಕ್ಕನ ಪಕ್ಕದ ಮನೆಯವರು ಹೀಗೆ ಎಲ್ಲರೂ ರಾತ್ರಿ ಹತ್ತು ಗಂಟೆ ಮೇಲೆ ಮೆಲ್ಲಗೆ ಫೋನ್ ಮಾಡಿ ಕೇಳೋದು ಅದದೇ ಪ್ರಶ್ನೆಗಳು, ಅದಕ್ಕೆ ಒಂದೇ ಸಲ ಟೈಪ್ ಮಾಡಿ ಇಡೋಣ ಅಂತ. ನಮ್ಮ ಮೊದಲನೇ ಕ್ಲಿನಿಕ್ಕಲ್ಲಿ (ಹೆಸರು ಬೇಡ) ಕನ್ಸೆಂಟ್ ಫಾರಂ (ಒಪ್ಪಿಗೆ ಪತ್ರ) ಕಟ್ಟನ್ನ ಕಾರಿಡಾರಲ್ಲಿ ನಿಲ್ಲಿಸ್ಕೊಂಡೇ ಸೈನ್ ಹಾಕಿಸ್ಕೊಂಡ್ರು, ಎಲ್ಲೆಲ್ಲಿ ಪೆನ್ಸಿಲಲ್ಲಿ ಗುರುತು ಹಾಕಿದ್ರೋ ಅಲ್ಲೆಲ್ಲ ಹಾಕಿದ್ವಿ. ಅದರಲ್ಲಿ ಏನಿತ್ತು ಅಂತ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ. ಇಷ್ಟುದ್ದ ಬರೀತಿರೋದಕ್ಕೆ ಅದೇ ಮುಖ್ಯ ಕಾರಣ.

ಐವಿಎಫ್ ಅಂದ್ರೆ ನಿಜವಾಗ್ಲೂ ಏನು ಮಾಡ್ತಾರೆ?

ಹೆಂಗಸಿನ ಎಗ್ ಹೊರಗೆ ತೆಗೆದು, ಲ್ಯಾಬಲ್ಲಿ ಗಂಡಸಿನ ವೀರ್ಯದ ಜೊತೆ ಸೇರಿಸಿ, ಆದ ಭ್ರೂಣವನ್ನ ವಾಪಸ್ ಗರ್ಭಕೋಶಕ್ಕೆ ಬಿಡ್ತಾರೆ. ಪೇಪರಿನವರು ಮೊದಲಿಂದ ಪ್ರನಾಳ ಶಿಶು ಅಂತ ಬರೀತಾರಲ್ಲ ಅದೇ, ಆದ್ರೆ ಪ್ರನಾಳವೂ ಇಲ್ಲ ಏನೂ ಇಲ್ಲ, ಅದೊಂದು ಚಪ್ಪಟೆ ಪ್ಲಾಸ್ಟಿಕ್ ಡಿಶ್ಶು.

ಪಿರಿಯಡ್ಸ್ ಆದ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನ್, ರಕ್ತ ಪರೀಕ್ಷೆ ಮಾಡಿ ಇಂಜೆಕ್ಷನ್ ಶುರು ಮಾಡ್ತಾರೆ. ಸಾಮಾನ್ಯವಾಗಿ ಒಂದೇ ಎಗ್ ಬೆಳೆಯೋ ಕಡೆ ಹತ್ತು ಹನ್ನೆರಡು ಬೆಳೀಲಿ ಅಂತ ಈ ಇಂಜೆಕ್ಷನ್ನು, ಸುಮಾರು 9ರಿಂದ 12 ದಿನ, ಹೊಟ್ಟೆಗೆ, ನೀವೇ ಹಾಕ್ಕೋಬಹುದು. ನಮ್ಮನೇಲಿ ಫ್ರಿಜ್ಜಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟಿದ್ವಿ, ಅತ್ತೆ ಯಾವುದೋ ಶುಗರ್ ಇಂಜೆಕ್ಷನ್ ಅಂದ್ಕೊಂಡು ಒಂದು ವಾರ ನನಗೆ ಸಕ್ಕರೆ ಇಲ್ಲದ ಕಾಫಿ ಕೊಟ್ರು. ಮಧ್ಯೆ ಮಧ್ಯೆ ಸ್ಕ್ಯಾನ್ ಮಾಡಿ ಸೈಜ್ ನೋಡ್ತಾರೆ, ಸಾಕು ಅನಿಸಿದಾಗ ಟ್ರಿಗರ್ ಅಂತ ಕೊನೇ ಇಂಜೆಕ್ಷನ್, ಇದನ್ನ ಮಾತ್ರ ಅವರು ಹೇಳಿದ ಟೈಮಿಗೆ ಸರಿಯಾಗಿ ತಗೋಬೇಕು ಯಾಕಂದ್ರೆ ಪಿಕಪ್ ಅದಾಗಿ ಸುಮಾರು 36 ಗಂಟೆಗೆ ಲೆಕ್ಕ ಹಾಕಿರ್ತಾರೆ, ತಡ ಆದ್ರೆ ಎಲ್ಲ ಕೆಟ್ಟು ಹೋಗತ್ತೆ. ಪಿಕಪ್ ದಿನ ಮಂಪರು ಬರೋ ಹಾಗೆ ಅನಸ್ತೇಶಿಯಾ ಕೊಟ್ಟು ಸೂಜಿಯಿಂದ ಎಗ್ ತೆಗೀತಾರೆ, ಹೊಟ್ಟೆ ಕುಯ್ಯೋದಿಲ್ಲ. ಅದೇ ದಿನ ಸಂಜೆ ಮನೆಗೆ.

ಆಮೇಲೆ ಲ್ಯಾಬಿನ ಕೆಲಸ. 3 ದಿನ ಇಲ್ಲಾ 5 ದಿನ ಬೆಳೆಸಿ ಟ್ರಾನ್ಸ್‌ಫರ್, ಅಥವಾ ಲಿಕ್ವಿಡ್ ನೈಟ್ರೋಜನ್ನಲ್ಲಿ ಮೈನಸ್ 196 ಡಿಗ್ರಿಯಲ್ಲಿ ಫ್ರೀಜ್ ಮಾಡಿಟ್ಟು ಮುಂದಿನ ತಿಂಗಳೋ ಅದರ ಮುಂದಿನ ತಿಂಗಳೋ ಟ್ರಾನ್ಸ್‌ಫರ್. ಸುಮಾರು ಎರಡು ವಾರಕ್ಕೆ, ಗರ್ಭ ನಿಂತಿದೆಯಾ ಅಂತ ನೋಡೋ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ. ಆ ಎರಡು ವಾರ ಹೇಗೆ ಕಳೀತು ಅಂತ ಮಾತ್ರ ಕೇಳ್ಬೇಡಿ.

ಇಕ್ಸಿ, ಐಯುಐ ಎಲ್ಲ ಒಂದೇನಾ?

ಅಲ್ಲ. ಐಯುಐ ಅಂದ್ರೆ ವೀರ್ಯವನ್ನ ತೊಳೆದು ನೇರ ಗರ್ಭಕೋಶಕ್ಕೆ ಬಿಡೋದು, ಎಗ್ ಹೊರಗೆ ತೆಗೆಯೋದೇ ಇಲ್ಲ, ಖರ್ಚೂ ಕಮ್ಮಿ. ಇಕ್ಸಿ ಅಂದ್ರೆ ಐವಿಎಫ್‌ನಲ್ಲೇ ಒಂದು ವೀರ್ಯಾಣುವನ್ನ ಸೂಜಿಯಲ್ಲಿ ಹಿಡಿದು ಒಂದು ಎಗ್ ಒಳಗೆ ಬಿಡೋದು, ಗಂಡಸಿನ ವೀರ್ಯಾಣುಗಳ ಕೌಂಟ್ ತೀರಾ ಕಮ್ಮಿ ಇದ್ದಾಗ ಬೇಕೇ ಬೇಕು.

ಮೊದಲು ಹೆಂಡತಿಗೆ ಟೆಸ್ಟ್ ಮಾಡಿಸ್ಬೇಕಾ?

ಇಬ್ಬರಿಗೂ ಒಂದೇ ದಿನ ಮಾಡಿಸಿ. ನಾನು ಎರಡು ವರ್ಷ ಟ್ಯೂಬ್ (ಗರ್ಭನಾಳ) ಟೆಸ್ಟು, ಥೈರಾಯ್ಡು, ಎಗ್ ಎಷ್ಟು ಉಳಿದಿದೆ ಅಂತ ಅಂದಾಜು ಮಾಡೋ ಎಎಂಎಚ್ಚು, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಎಲ್ಲಾ ಮಾಡಿದ್ಮೇಲೆ ನಮ್ಮನೆಯವರ ವೀರ್ಯ ಪರೀಕ್ಷೆ ಆಗಿದ್ದು, ತೊಂದರೆ ಇದ್ದಿದ್ದು ಅಲ್ಲೇ. ಇರೋದ್ರಲ್ಲೇ ಕಮ್ಮಿ ಖರ್ಚಿನ, ನೋವಿಲ್ಲದ ಟೆಸ್ಟು ಅದು, ಆದ್ರೂ ಕೊನೇಗೆ ಮಾಡಿಸ್ತಾರೆ ನಮ್ಮ ಜನ. ಇನ್ನೊಂದು, ನಮ್ಮ ದೇಶದಲ್ಲಿ ಗರ್ಭಕೋಶದ ಟಿಬಿಯಿಂದ ಟ್ಯೂಬ್ ಮುಚ್ಚಿಕೊಳ್ಳೋದು ಸಾಕಷ್ಟಿದೆ, ಕೆಮ್ಮು ಗಿಮ್ಮು ಏನೂ ಇರಲ್ಲ, ಅದನ್ನೂ ಒಂದು ಮಾತು ಡಾಕ್ಟ್ರನ್ನ ಕೇಳಿ.

ಇದು ಹೊಸದಲ್ವಾ, ನಂಬಬಹುದಾ ಅಂತ ಅಮ್ಮ ಕೇಳ್ತಿದಾರೆ

ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25, ಇಂಗ್ಲೆಂಡಲ್ಲಿ. ಅಮ್ಮನಿಗೆ ಹೇಳಿ, ಆ ಮಗುವಿಗೇ ಈಗ ಮಕ್ಕಳಿದ್ದಾರೆ. ಅದಾಗಿ 70 ದಿನಕ್ಕೆ, ಅಕ್ಟೋಬರ್ 3ಕ್ಕೆ ಕೋಲ್ಕತ್ತಾದಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಕೈಯಲ್ಲಿ ದುರ್ಗಾ ಅನ್ನೋ ಹೆಸರಲ್ಲಿ ಸುದ್ದಿಯಾದ ಮಗು ಹುಟ್ತು. ಸರ್ಕಾರದ ಕಮಿಟಿ ನಂಬಲಿಲ್ಲ, ಅವಮಾನ ಮಾಡಿದ್ರು, 1981ರಲ್ಲಿ ಅವರು ಆತ್ಮಹತ್ಯೆ ಮಾಡ್ಕೊಂಡ್ರು. 1986ರಲ್ಲಿ ಮುಂಬೈಯಲ್ಲಿ ಹರ್ಷಾ ಅನ್ನೋ ಮಗು ಹುಟ್ಟಿದಾಗ ಅದನ್ನೇ ದೇಶದ ಮೊದಲನೇದು ಅಂದ್ರು. ಆ ಮುಂಬೈ ತಂಡದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್, ಆಮೇಲೆ ನಮ್ಮ ಬೆಂಗಳೂರಲ್ಲೇ ಕ್ಲಿನಿಕ್ ನಡೆಸಿದೋರು, 1997ರಲ್ಲಿ ಮುಖೋಪಾಧ್ಯಾಯರ ಕೈಬರಹದ ದಾಖಲೆಗಳನ್ನ ಓದಿ ಇಲ್ಲ, ಮೊದಲು ಮಾಡಿದ್ದು ನಾವಲ್ಲ, ಅವರು ಅಂತ ಬಹಿರಂಗವಾಗಿ ಹೇಳಿದ್ರು. ತನ್ನ ಕಿರೀಟ ತಾನೇ ತೆಗೆದು ಇನ್ನೊಬ್ಬರಿಗೆ ಇಡೋ ಜನ ಎಷ್ಟಿದ್ದಾರೆ ಹೇಳಿ.

ಗ್ಯಾರಂಟಿ ಇದೆಯಾ?

ಇಲ್ಲ. ಗ್ಯಾರಂಟಿ ಅಂತ ಬೋರ್ಡ್ ಹಾಕಿರೋ ಕಡೆ ಹೋಗ್ಲೇಬೇಡಿ. ವಯಸ್ಸು ಎಲ್ಲಕ್ಕಿಂತ ದೊಡ್ಡ ವಿಷಯ, 35 ದಾಟಿದ ಮೇಲೆ ಸಾಧ್ಯತೆ ಇಳೀತಾ ಹೋಗತ್ತೆ, 40ರ ಮೇಲೆ ಸ್ವಂತ ಎಗ್ಗಲ್ಲಿ ತುಂಬಾನೇ ಇಳಿಯತ್ತೆ. ಕ್ಲಿನಿಕ್ಕಿನವರು ಸಕ್ಸಸ್ ರೇಟ್ ಇಷ್ಟು ಅಂದ್ರೆ ಒಂದೇ ಪ್ರಶ್ನೆ ಕೇಳಿ: ಇದು ಪಾಸಿಟಿವ್ ಬಂದ ಲೆಕ್ಕನಾ, ಮಗು ಮನೆಗೆ ಹೋದ ಲೆಕ್ಕನಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಮಧ್ಯೆ ಅಬಾರ್ಷನ್ ಆಗೋದು ಮೊದಲನೇ ಲೆಕ್ಕದಲ್ಲಿ ಕಾಣಲ್ಲ. ನನ್ನ ಎರಡನೇ ಟ್ರಾನ್ಸ್‌ಫರ್ ಅವರ ಲೆಕ್ಕದಲ್ಲಿ ಸಕ್ಸಸ್ಸೇ, ಏಳನೇ ವಾರಕ್ಕೆ ಹೋಯ್ತು.

ಅಪಾಯ ಏನಾದ್ರೂ?

ಇಂಜೆಕ್ಷನ್‌ಗೆ ಅಂಡಾಶಯ ಅತಿಯಾಗಿ ಊದಿಕೊಳ್ಳೋ ಓಎಚ್ಎಸ್ಎಸ್ ಅನ್ನೋದು ಒಂದು, ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇರೋರಿಗೆ ಜಾಸ್ತಿ. ಹೊಟ್ಟೆ ಬಿಗಿದು ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಮ್ಮಿ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಇನ್ನೊಂದು ಅವಳಿ ಜವಳಿ. ಎಲ್ಲರೂ ಒಂದೇ ಖರ್ಚಲ್ಲಿ ಎರಡು ಅಂತ ಖುಷಿ ಪಡ್ತಾರೆ, ತಿಂಗಳು ತುಂಬೋ ಮುಂಚೆ ಹುಟ್ಟಿದ ಕೂಸುಗಳು ತೀವ್ರ ನಿಗಾ ಘಟಕದಲ್ಲಿ, ಅಂದ್ರೆ ಎನ್‌ಐಸಿಯುನಲ್ಲಿ ಇರೋದನ್ನ ನೋಡಿದೋರು ಖುಷಿ ಪಡಲ್ಲ. ಕಾನೂನಿನ ಪ್ರಕಾರ ಒಂದು ಸೈಕಲಲ್ಲಿ (ಅಂದ್ರೆ ಚಿಕಿತ್ಸೆಯ ಒಂದು ಸುತ್ತಲ್ಲಿ) ಮೂರಕ್ಕಿಂತ ಜಾಸ್ತಿ ಭ್ರೂಣ ಹಾಕೋ ಹಾಗೇ ಇಲ್ಲ. ಮೂರು ಅನ್ನೋದು ಮಿತಿ ಅಷ್ಟೇ, ಅಷ್ಟು ಹಾಕ್ಲೇಬೇಕು ಅಂತಲ್ಲ, ಒಂದೇ ಸಾಕಾ ಅಂತ ನೀವೇ ಕೇಳಿ.

ಯಾವ ಕಾನೂನು ಇದು? ಇದಕ್ಕೂ ಕಾನೂನು ಇದೆಯಾ?

ಇದೆ. ಅಸಿಸ್ಟೆಡ್ ರಿಪ್ರೊಡಕ್ಟಿವ್ ಟೆಕ್ನಾಲಜಿ ಕಾಯ್ದೆ 2021, ಎಲ್ಲರೂ ಎಆರ್‌ಟಿ ಕಾಯ್ದೆ ಅಂತಾರೆ, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಸರೊಗಸಿಗೆ (ಇನ್ನೊಬ್ಬ ಹೆಂಗಸು ನಿಮ್ಮ ಮಗು ಹೊತ್ತು ಹೆರೋದು) ಬೇರೆ ಕಾಯ್ದೆ, ಅದೂ ಅವತ್ತೇ ಜಾರಿಗೆ ಬಂದಿದ್ದು. ಅದಕ್ಕೂ ಮುಂಚೆ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಬಿಟ್ರೆ ಏನೂ ಇರ್ಲಿಲ್ಲ, ಅಂದ್ರೆ ಪಾಲಿಸಿದೋರು ಪಾಲಿಸಿದ್ರು ಬಿಟ್ಟೋರು ಬಿಟ್ರು.

ಯಾರ್ಯಾರು ಮಾಡಿಸ್ಕೋಬಹುದು?

ಮದುವೆಯಾದ, ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದ ಅಥವಾ ವೈದ್ಯಕೀಯ ಕಾರಣ ಇರೋ ದಂಪತಿ. ಹೆಂಗಸಿಗೆ 21 ದಾಟಿರ್ಬೇಕು 50 ಒಳಗಿರ್ಬೇಕು, ಗಂಡಸಿಗೆ 21 ದಾಟಿರ್ಬೇಕು 55 ಒಳಗಿರ್ಬೇಕು. ಮಾವನವರ ಕಡೆ ಒಬ್ಬರಿಗೆ ಹೆಂಡತಿ 41, ಗಂಡ 56, ಕ್ಲಿನಿಕ್ಕಿನವರು ಆಗಲ್ಲ ಅಂದ್ರು. ಇಂಥ ಕೇಸಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಿದೋರಿದ್ದಾರೆ, ಅದಕ್ಕೆ ಲಾಯರನ್ನೇ ಕೇಳಿ.

ಒಂಟಿ ಹೆಂಗಸು, ಅಂದ್ರೆ ಮದುವೆಯಾಗದೇ ಇರೋರು, ಡಿವೋರ್ಸ್ ಆದೋರು, ಗಂಡನನ್ನ ಕಳ್ಕೊಂಡೋರು ಐವಿಎಫ್ ಮಾಡಿಸ್ಕೋಬಹುದು, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಒಂಟಿ ಗಂಡಸಿಗೆ ಇಲ್ಲ. ಲಿವ್ ಇನ್‌ನಲ್ಲಿರೋರಿಗೆ, ಸಲಿಂಗಿ ಜೋಡಿಗಳಿಗೆ ಜೋಡಿಯಾಗಿ ಇಲ್ಲ, ಕಾಯ್ದೆ ಮದುವೆಯಾದ ದಂಪತಿ ಅಂತ್ಲೇ ಹೇಳತ್ತೆ. ಸರಿನಾ ಅಂದ್ರೆ ನನಗಂತೂ ಸರಿ ಅನಿಸಲ್ಲ, ಆದ್ರೆ ಇರೋದು ಹೀಗೆ.

ಕ್ಲಿನಿಕ್ ಸರಿ ಇದೆಯಾ ಅಂತ ಹೇಗೆ ಗೊತ್ತಾಗತ್ತೆ?

ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕೇಳಿ. ಎರಡು ಲೆವೆಲ್ ಇದೆ, ಲೆವೆಲ್ 1 ಅಂದ್ರೆ ಐಯುಐ ಮಾತ್ರ, ಐವಿಎಫ್ ಮಾಡೋಕೆ ಲೆವೆಲ್ 2 ಬೇಕು. ರಿಜಿಸ್ಟ್ರೇಷನ್ 5 ವರ್ಷಕ್ಕೆ ಇರತ್ತೆ, ಅದಕ್ಕೆ ತಾರೀಕೂ ನೋಡಿ. ಕೆಲವು ಕಡೆ ಬೋರ್ಡಲ್ಲಿ ಐವಿಎಫ್ ಸೆಂಟರ್ ಅಂತಿರತ್ತೆ, ಒಳಗೆ ಹೋದ್ರೆ ಇಂಜೆಕ್ಷನ್ ಇಲ್ಲಿ, ಪಿಕಪ್ ಬೆಂಗಳೂರಲ್ಲಿ ಅಂತಾರೆ, ಹಾಗಿದ್ರೆ ಆ ಬೆಂಗಳೂರಿನ ಕ್ಲಿನಿಕ್ಕಿನ ಸರ್ಟಿಫಿಕೇಟ್ ಕೇಳ್ಬೇಕು. ಕೇಳಿದ್ರೆ ಬೇಜಾರು ಮಾಡ್ಕೊಳ್ಳೋ ಡಾಕ್ಟ್ರು ಆಮೇಲೂ ಪ್ರತಿಯೊಂದಕ್ಕೂ ಬೇಜಾರು ಮಾಡ್ಕೋತಾರೆ.

ಚಿಕಿತ್ಸೆ ಶುರು ಮಾಡೋ ಮುಂಚೆ ಕೌನ್ಸೆಲಿಂಗ್ ಕೊಡೋದು, ಯಶಸ್ಸಿನ ಸಾಧ್ಯತೆ, ಖರ್ಚು, ಸೈಡ್ ಎಫೆಕ್ಟು, ಅವಳಿ ಗರ್ಭದ ಅಪಾಯ ಎಲ್ಲ ಬಿಡಿಸಿ ಹೇಳೋದು ಕ್ಲಿನಿಕ್ಕಿನ ಕರ್ತವ್ಯ ಅಂತ ಕಾಯ್ದೇಲೇ ಇದೆ. ಅವರು ಉಪಕಾರ ಮಾಡ್ತಿಲ್ಲ.

ಕನ್ಸೆಂಟ್ ಫಾರಂನಲ್ಲಿ ಏನು ನೋಡ್ಬೇಕು?

ಇದೇ ನಾನು ಕಾಯ್ತಿದ್ದ ಪ್ರಶ್ನೆ. ಎಲ್ಲರ ಲಿಖಿತ ಒಪ್ಪಿಗೆ ಇಲ್ಲದೆ ಕ್ಲಿನಿಕ್ ಏನೂ ಮಾಡೋ ಹಾಗಿಲ್ಲ. ಹಿಂದಿನ ದಿನವೇ ಫಾರಂ ಮನೆಗೆ ಕೊಡಿ ಅಂತ ಕೇಳಿ. ಇಂಗ್ಲಿಷ್ ತೊಡಕಾದ್ರೆ ಕನ್ನಡದಲ್ಲಿ ಬಿಡಿಸಿ ಹೇಳಿ ಅಂತ ಪಟ್ಟು ಹಿಡೀರಿ, ಓದದೆ ಹಾಕಿದ ಸೈನು ಆಮೇಲೆ ನಿಮ್ಮದೇ ತಲೆ ಮೇಲೆ ಬರೋದು.

ಭ್ರೂಣ ಫ್ರೀಜ್ ಮಾಡೋದಾದ್ರೆ, ಇಬ್ಬರಲ್ಲಿ ಒಬ್ಬರು ತೀರಿಹೋದ್ರೆ ಅಥವಾ ನಿರ್ಧಾರ ಮಾಡೋ ಸ್ಥಿತೀಲಿ ಇಲ್ಲದಿದ್ರೆ ಆ ಭ್ರೂಣ ಏನಾಗಬೇಕು ಅಂತ ಮೊದಲೇ ಬರೆದುಕೊಡ್ಬೇಕು. ಮಗು ಆಗ್ಲಿ ಅಂತ ಬಂದಿರ್ತೀವಿ, ಸಾವಿನ ಕಾಲಂ ತುಂಬಿ ಅಂದ್ರೆ ಅಪಶಕುನ ಅನ್ಸತ್ತೆ, ನಮ್ಮನೆಯವರಂತೂ ಆ ಪೇಜ್ ತಿರುಗಿಸಿ ಬಿಟ್ಬಿಟ್ಟಿದ್ರು. ನಮ್ಮ ಹಳೇ ಫಾರಂನಲ್ಲಿ ಆ ಕಾಲಂಗೆ ಬೇರೆ ಯಾರೋ ಟಿಕ್ ಹಾಕಿದ್ರು, ಸಂಶೋಧನೆಗೆ ಕೊಡಬಹುದು ಅಂತ. ನಾವು ಹಾಕಿದ್ದಲ್ಲ, ನಮ್ಮ ಪೆನ್ನೂ ಅಲ್ಲ, ಸೈನ್ ಮಾತ್ರ ನಮ್ಮದು. ಎಂಟು ತಿಂಗಳಾದ ಮೇಲೆ ಕ್ಲಿನಿಕ್ ಬದಲಾಯಿಸೋಕೆ ಫೈಲ್ ಕಾಪಿ ಕೇಳಿದಾಗ ನೋಡಿದ್ದು, ಬರೆದುಕೊಟ್ಟು ಸರಿ ಮಾಡಿಸಿದ್ವಿ. ಅದಕ್ಕೆ ಖಾಲಿ ಕಾಲಂ ಬಿಡ್ಬೇಡಿ, ಬೇಡದಿದ್ರೆ ಅಡ್ಡಗೆರೆ ಎಳೀರಿ, ಪ್ರತಿ ಪೇಜಿನ ಫೋಟೋ ತೆಗೆದು ಇಟ್ಕೊಳ್ಳಿ.

ಮನಸ್ಸು ಬದಲಾದ್ರೆ?

ಭ್ರೂಣ ಗರ್ಭಕೋಶಕ್ಕೆ ಹಾಕೋ ಕ್ಷಣದವರೆಗೂ ಒಪ್ಪಿಗೆ ವಾಪಸ್ ತಗೋಬಹುದು. ಗಂಡ ಹೆಂಡತಿ ಬೇರೆಯಾಗ್ತಿದ್ದಾರೆ, ಒಬ್ಬರು ಬೇಡ ಅಂದ್ರು ಅಂತಿಟ್ಕೊಳ್ಳಿ, ಕ್ಲಿನಿಕ್ ಮುಂದುವರೆಯೋ ಹಾಗಿಲ್ಲ.

ಗಂಡ ತೀರಿಹೋದ ಮೇಲೆ ಇಟ್ಟಿರೋ ವೀರ್ಯ ಉಪಯೋಗಿಸಬಹುದಾ?

ಎಲ್ಲ ಮೊದಲು ಕೊಟ್ಟ ಒಪ್ಪಿಗೆ ಮೇಲೆ ನಿಂತಿದೆ. ಸತ್ತ ಮೇಲೆ ತೆಗೆಯೋದಾದ್ರೂ ಮುಂಚೆ ಲಿಖಿತ ಒಪ್ಪಿಗೆ ಇರ್ಲೇಬೇಕು ಅಂತ ಕಾಯ್ದೆ. 2024ರ ಅಕ್ಟೋಬರಲ್ಲಿ ದೆಹಲಿ ಹೈಕೋರ್ಟ್ ಒಂದು ಕೇಸಲ್ಲಿ, ಕ್ಯಾನ್ಸರ್‌ನಿಂದ ತೀರಿಹೋದ ಮದುವೆಯಾಗದ ಮಗನ ಫ್ರೀಜ್ ಮಾಡಿದ್ದ ವೀರ್ಯವನ್ನ ಅವನ ಅಪ್ಪ ಅಮ್ಮನಿಗೆ ಕೊಡಿ ಅಂತ ಹೇಳ್ತು. ಅವನು ಕೀಮೋಗೆ ಮುಂಚೆ ಇಟ್ಟಿದ್ದು ಅದು. ಕ್ಯಾನ್ಸರ್ ಚಿಕಿತ್ಸೆಗೆ ಹೋಗೋ ವಯಸ್ಸಿನ ಮಕ್ಕಳು ಮನೇಲಿದ್ರೆ ಕೀಮೋ ಶುರು ಆಗೋ ಮುಂಚೆ ಇದನ್ನ ಕೇಳಿ, ಕ್ಯಾನ್ಸರ್ ಆಸ್ಪತ್ರೆಯವರು ಎಲ್ಲರೂ ತಾವಾಗೇ ಹೇಳಲ್ಲ.

ಡೋನರ್ ಎಗ್ ಅಂದ್ರೆ ನನ್ನ ತಂಗಿಯಿಂದ ತಗೋಬಹುದಾ?

ಈ ಪ್ರಶ್ನೆ ಬಹಳ ಬರತ್ತೆ, ರಕ್ತ ನಮ್ಮದೇ ಇರ್ಲಿ ಅಂತ. ಡೋನರ್ ಎಗ್ಗಾಗ್ಲಿ ವೀರ್ಯವಾಗ್ಲಿ ರಿಜಿಸ್ಟರ್ ಆದ ಎಆರ್‌ಟಿ ಬ್ಯಾಂಕ್ (ಎಗ್, ವೀರ್ಯ ಸಂಗ್ರಹಿಸಿ ಕೊಡೋ ಸಂಸ್ಥೆ) ಮೂಲಕವೇ ಬರ್ಬೇಕು, ಮನೆಯೊಳಗೆ ಮಾತಾಡ್ಕೊಂಡು ತಂಗೀನ ಕರ್ಕೊಂಡು ಹೋಗಿ ಮಾಡಿಸೋ ಹಾಗಿಲ್ಲ. ಎಗ್ ಕೊಡೋರು 23ರಿಂದ 35 ವರ್ಷದೋರು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಜಾಸ್ತಿ ಎಗ್ ತೆಗೆಯೋ ಹಾಗಿಲ್ಲ. ವೀರ್ಯ ಕೊಡೋರು 21ರಿಂದ 55. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಪರೀಕ್ಷೆ ಆಗಿರ್ಬೇಕು. ಒಬ್ಬ ಡೋನರದ್ದು ಒಂದೇ ದಂಪತಿಗೆ. ಎಗ್ ಕೊಟ್ಟ ಹೆಣ್ಣುಮಗಳಿಗೆ 12 ತಿಂಗಳ ಇನ್ಶೂರೆನ್ಸ್ ಮಾಡಿಸೋದು ನಿಮ್ಮ ಜವಾಬ್ದಾರಿ, ಬಿಲ್ಲಲ್ಲಿ ಅದು ಇದೆಯಾ ಅಂತ ನೋಡಿ, ಇಲ್ಲ ಅಂದ್ರೆ ಕೇಳಿ. ಅವಳೂ ನಮ್ಮ ಹಾಗೆ ಅಷ್ಟೇ ಇಂಜೆಕ್ಷನ್ ಚುಚ್ಚಿಸ್ಕೊಂಡಿರ್ತಾಳೆ, ಮಗು ಮಾತ್ರ ನಮ್ಮ ಮನೆಗೆ ಬರೋದು.

ನಾಳೆ ಡೋನರ್ ಬಂದು ಮಗು ನನ್ನದು ಅಂದ್ರೆ?

ಅನ್ನೋ ಹಾಗಿಲ್ಲ, ಡೋನರ್ ಎಲ್ಲ ಹಕ್ಕು ಬಿಟ್ಟುಕೊಟ್ಟಿರ್ತಾರೆ. ಕಾಯ್ದೆ ಪ್ರಕಾರ ಮಗು ನಿಮ್ಮ ಸ್ವಂತ ಜೈವಿಕ ಮಗು ಅಂತ್ಲೇ ಲೆಕ್ಕ, ಆಸ್ತಿ, ವಾರಸುದಾರಿಕೆ ಎಲ್ಲದಕ್ಕೂ. ಭಾವ ಮೈದುನರು ಆಸ್ತಿ ಜಗಳದಲ್ಲಿ ಈ ಮಗು ನಮ್ಮ ವಂಶದ್ದಲ್ಲ ಅಂತ ಎತ್ತಿದ್ರೂ ನಿಲ್ಲಲ್ಲ. ಕ್ಲಿನಿಕ್ಕಿಂದ ಬರೋ ಡಿಸ್ಚಾರ್ಜ್ ಪೇಪರ್, ಕನ್ಸೆಂಟ್ ಕಾಪಿ ಎಲ್ಲ ಮನೆ ಪತ್ರದ ಜೊತೆ ಭದ್ರವಾಗಿಡಿ.

ಬರ್ತ್ ಸರ್ಟಿಫಿಕೇಟಲ್ಲಿ ಏನು ಬರತ್ತೆ?

ಎಲ್ಲ ಮಕ್ಕಳ ಹಾಗೇ ಅಪ್ಪ ಅಮ್ಮನ ಹೆಸರು, ಐವಿಎಫ್ ಅಂತ ಎಲ್ಲೂ ಬರಲ್ಲ. ಒಂಟಿ ತಾಯಂದಿರಿಗೆ ಅಪ್ಪನ ಕಾಲಂ ತಲೆನೋವು. 2021ರಲ್ಲಿ ಕೇರಳ ಹೈಕೋರ್ಟ್, ಹೀಗೆ ಗರ್ಭಿಣಿಯಾದ ಒಂಟಿ ಹೆಂಗಸರನ್ನ ಅಪ್ಪನ ವಿವರ ಕೇಳೋದೇ ತಪ್ಪು, ಬೇರೆ ಫಾರಂ ಮಾಡಿ ಅಂತ ಅಲ್ಲಿನ ಸರ್ಕಾರಕ್ಕೆ ಹೇಳ್ತು. ಕೌಂಟರಲ್ಲಿ ಕೂತಿರೋರಿಗೆ ಇದೆಲ್ಲ ಗೊತ್ತಿರತ್ತೆ ಅಂದ್ಕೋಬೇಡಿ, ಆ ತೀರ್ಪಿನ ಪ್ರಿಂಟ್ ತಗೊಂಡು ಹೋಗಿ.

ಗಂಡು ಮಗು ಬೇಕು ಅಂತ ಆರಿಸ್ಕೋಬಹುದಾ?

ಇಲ್ಲ. ದುಬೈ, ಥಾಯ್ಲೆಂಡ್ ಅಂತ ಏಜೆಂಟ್ ಫೋನ್ ಮಾಡಿದ್ರೂ ಇಲ್ಲ ಅನ್ನಿ. ಇಲ್ಲಿ ಅಂಥ ಸೌಲಭ್ಯ ಇದೆ ಅಂತ ಜಾಹೀರಾತು ಕೊಟ್ರೂ 5ರಿಂದ 10 ವರ್ಷ ಜೈಲು ಇಲ್ಲಾ 10ರಿಂದ 25 ಲಕ್ಷ ದಂಡ ಇಲ್ಲಾ ಎರಡೂ. ಭ್ರೂಣದ ಜೆನೆಟಿಕ್ ಟೆಸ್ಟ್ ಇದೆ, ಅದು ಮನೇಲಿ ವಂಶಪಾರಂಪರ್ಯ ಕಾಯಿಲೆ ಇದ್ದೋರಿಗೆ, ಉದಾಹರಣೆಗೆ ತಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ.

ಖರ್ಚೆಷ್ಟು, ಇನ್ಶೂರೆನ್ಸ್ ಬರತ್ತಾ?

ಖಾಸಗಿಯಲ್ಲಿ ಒಂದು ಸೈಕಲ್ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷದ ಆಸುಪಾಸು ಅಂತ ಇಟ್ಕೊಳ್ಳಿ, ಇಂಜೆಕ್ಷನ್ನು ಪ್ಯಾಕೇಜಲ್ಲಿ ಇದೆಯಾ ಇಲ್ವಾ ಅನ್ನೋದೇ ದೊಡ್ಡ ವ್ಯತ್ಯಾಸ. ಇಕ್ಸಿ, ಫ್ರೀಜಿಂಗ್, ವರ್ಷದ ಸ್ಟೋರೇಜ್, ಆಮೇಲಿನ ಟ್ರಾನ್ಸ್‌ಫರ್ ಒಂದೊಂದಕ್ಕೂ ಬೇರೆ ದುಡ್ಡಾ ಅಂತ ಬರವಣಿಗೇಲಿ ತಗೊಳ್ಳಿ. ನಾವು ಬಾಯಿಮಾತು ನಂಬಿ ಕೊನೇಗೆ ನನ್ನ ಎರಡು ಬಳೆ ಅಡ ಇಟ್ವಿ. ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಬಂಜೆತನದ ಚಿಕಿತ್ಸೆ ಸಾಮಾನ್ಯವಾಗಿ ಹೊರಗಿಟ್ಟಿರ್ತಾರೆ, ಎಕ್ಸ್‌ಕ್ಲೂಷನ್ ಪಟ್ಟೀಲಿ 17ನೇ ಕೋಡ್ ನೋಡಿ, ಸ್ಟೆರಿಲಿಟಿ ಅಂಡ್ ಇನ್‌ಫರ್ಟಿಲಿಟಿ ಅಂತಿರತ್ತೆ. ಕೆಲವು ಕಂಪನಿಗಳ ಗ್ರೂಪ್ ಪಾಲಿಸೀಲಿ ಕವರ್ ಇರತ್ತೆ, ಎಚ್‌ಆರ್‌ಗೆ ಒಂದು ಮೇಲ್ ಹಾಕೋದ್ರಲ್ಲಿ ನಷ್ಟ ಇಲ್ಲ.

ರಜೆ?

ಚಿಕಿತ್ಸೆಗೆ ಅಂತ ಪ್ರತ್ಯೇಕ ರಜೆ ಕಾನೂನಲ್ಲಿಲ್ಲ. ಗರ್ಭ ನಿಂತ ಮೇಲೆ ಎಲ್ಲರ ಹಾಗೇ 26 ವಾರದ ಹೆರಿಗೆ ರಜೆ. ಗರ್ಭಪಾತ ಆದ್ರೆ 6 ವಾರ ಸಂಬಳ ಸಹಿತ ರಜೆ ಇದೆ, ಇದು ನನಗೆ ಗೊತ್ತಿರ್ಲಿಲ್ಲ, ಏಳನೇ ವಾರಕ್ಕೆ ಹೋದಾಗ ನಾಲ್ಕನೇ ದಿನಕ್ಕೆ ಆಫೀಸಿಗೆ ಹೋಗಿ ಕೂತಿದ್ದೆ.

ಸರೊಗಸಿ ಸುಲಭ ಅಲ್ವಾ ಹಾಗಾದ್ರೆ?

ಸುಲಭ ಅನ್ನೋ ಕಾಲ ಹೋಯ್ತು. ಬಾಡಿಗೆ ತಾಯಿ ಅನ್ನೋ ಮಾತೇ ಈಗ ತಪ್ಪು, ಆಸ್ಪತ್ರೆ ಖರ್ಚು, 36 ತಿಂಗಳ ಇನ್ಶೂರೆನ್ಸ್ ಇಂಥದ್ದು ಬಿಟ್ಟು ದುಡ್ಡು ಕೊಡೋ ಹಾಗಿಲ್ಲ. ಮಗು ಹೊರೋರು 25ರಿಂದ 35 ವರ್ಷದ, ಮದುವೆಯಾಗಿ ಸ್ವಂತ ಮಗು ಇರೋರು, ಜೀವನದಲ್ಲಿ ಒಂದೇ ಸಲ. ಕೇಳೋ ದಂಪತೀಲಿ ಹೆಂಗಸು 23ರಿಂದ 50, ಗಂಡಸು 26ರಿಂದ 55, ವೈದ್ಯಕೀಯ ಕಾರಣಕ್ಕೆ ಸರ್ಟಿಫಿಕೇಟು ಬೇಕು. ಕಾಯ್ದೆ ಬರೋ ಮುಂಚೆಯೇ ಭ್ರೂಣ ಫ್ರೀಜ್ ಮಾಡಿ ಪ್ರಕ್ರಿಯೆ ಶುರು ಮಾಡಿದ್ದ ದಂಪತಿಗಳಿಗೆ ಈ ವಯಸ್ಸಿನ ಮಿತಿ ಅಡ್ಡ ಬರಲ್ಲ ಅಂತ 2025ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾವು ಅಮೆರಿಕದಲ್ಲಿದ್ದೀವಿ, ಭ್ರೂಣ ಭಾರತದಿಂದ ಇಲ್ಲಿಗೆ ತರಿಸ್ಕೋಬಹುದಾ?

ಭಾರತದಿಂದ ಎಗ್, ವೀರ್ಯ, ಭ್ರೂಣ ಹೊರಗೆ ಕಳಿಸೋ ಹಾಗಿಲ್ಲ, ನಿಮ್ಮದೇ ಸ್ವಂತ ಉಪಯೋಗಕ್ಕೆ ಆದ್ರೆ ಎಆರ್‌ಟಿ ಕಾಯ್ದೆಯ ರಾಷ್ಟ್ರೀಯ ಮಂಡಳಿ ಅನುಮತಿ ತಗೊಂಡು ಮಾತ್ರ. ಅಲ್ಲೇ ಮಾಡಿಸೋರು ನಿಮ್ಮ ರಾಜ್ಯದ ಕಾನೂನು ನೋಡ್ಕೊಳ್ಳಿ. 2024ರ ಫೆಬ್ರವರಿಯಲ್ಲಿ ಅಲಬಾಮಾ ಸುಪ್ರೀಂ ಕೋರ್ಟ್ ಫ್ರೀಜ್ ಮಾಡಿದ ಭ್ರೂಣವೂ ಮಗುವೇ ಅಂದುಬಿಟ್ಟು ಕ್ಲಿನಿಕ್‌ಗಳು ಹೆದರಿ ಕೆಲಸ ನಿಲ್ಲಿಸಿದ್ವು, ಮಾರ್ಚಲ್ಲಿ ಕ್ಲಿನಿಕ್‌ಗಳಿಗೆ ರಕ್ಷಣೆ ಕೊಡೋ ಕಾನೂನು ತಂದ ಮೇಲೆ ಮತ್ತೆ ಶುರುವಾಯ್ತು.

ಮೋಸ ಆಯ್ತು ಅನಿಸಿದ್ರೆ ಎಲ್ಲಿಗೆ ಹೋಗ್ಬೇಕು?

ಪ್ರತಿ ಕ್ಲಿನಿಕ್ಕಲ್ಲೂ ದೂರು ವಿಭಾಗ ಇರ್ಲೇಬೇಕು, ಮೊದಲು ಅಲ್ಲಿ ಬರವಣಿಗೇಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆಮೇಲೆ ರಾಜ್ಯದ ಎಆರ್‌ಟಿ ಸಕ್ಷಮ ಪ್ರಾಧಿಕಾರ. ದುಡ್ಡಿನ ವಿಷಯ, ನಿರ್ಲಕ್ಷ್ಯದ ವಿಷಯ ಆದ್ರೆ ಗ್ರಾಹಕ ಆಯೋಗ, ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ಒಳಗೇ ಬರತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎರಡು ವರ್ಷದೊಳಗೆ ಹಾಕ್ಬೇಕು. ನಾವು ಹಾಕ್ಲಿಲ್ಲ, ಆಗ ಶಕ್ತಿ ಇರ್ಲಿಲ್ಲ, ಈಗ ಟೈಮ್ ಮೀರಿದೆ.

ಉಳಿದ ಭ್ರೂಣ ಎಷ್ಟು ವರ್ಷ ಇಡಬಹುದು? ನೀವೇನು ಮಾಡಿದ್ರಿ?

10 ವರ್ಷ. ಅದಾದ ಮೇಲೆ ನಾಶವಾಗೋಕೆ ಬಿಡ್ಬೇಕು ಇಲ್ಲಾ ನಿಮ್ಮ ಒಪ್ಪಿಗೆ ಇದ್ರೆ ರಿಜಿಸ್ಟರ್ ಆದ ಸಂಶೋಧನಾ ಸಂಸ್ಥೆಗೆ. ನಮ್ಮದು ಎರಡಿವೆ. ಪ್ರತಿ ಜೂನಲ್ಲಿ ಸ್ಟೋರೇಜ್ ಬಿಲ್ ಬರತ್ತೆ, ಅದರ ಜೊತೆ ಏನು ಮಾಡ್ಬೇಕು ಅಂತ ಕೇಳೋ ಒಂದು ಫಾರಮ್ಮೂ ಬರತ್ತೆ. ಬಿಲ್ ಕಟ್ತೀವಿ, ಫಾರಂ ಇಬ್ಬರೂ ಓದ್ತೀವಿ, ಮಗಳು ಎದ್ದು ಅಳ್ತಾಳೆ, ಎತ್ತಿಡ್ತೀವಿ. ಈ ಸಲವೂ ಹಾಗೇ ಆಯ್ತು.